ಕೈ ಬಿಟ್ಟ ಕೆಲಸ, ಬಿಡದ ಹೊಣೆ

ಹತ್ತು ಹನ್ನೆರಡು ವರ್ಷಗಳ ಕಾಲ ಯಂತ್ರವನ್ನೋ, ಸೇತುವೆಯನ್ನೋ, ಗಣಕಯಂತ್ರದ ಪ್ರೋಗ್ರಾಮನ್ನೋ ತನ್ನ ಕೈಯಿಂದಲೇ ರೂಪಿಸುತ್ತ ಬಂದ ಇಂಜಿನಿಯರನಿಗೆ ಒಂದು ದಿನ ಬಡ್ತಿಯ ಪತ್ರ ಬರುತ್ತದೆ. ಅಂದಿನಿಂದ ಅವನು ನಕ್ಷೆ ಬರೆಯಬೇಕಾಗಿಲ್ಲ. ನಕ್ಷೆ ಬರೆಯುವ ಎಂಟು ಹತ್ತು ಜನರನ್ನು ನಡೆಸಬೇಕು. ಮನೆಯಲ್ಲಿ ಸಿಹಿ ಹಂಚುತ್ತಾರೆ, ಬಂಧುಗಳು ಹರಸುತ್ತಾರೆ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅವನ ಮನಸ್ಸಿನಲ್ಲಿ ಒಂದು ಬಗೆಯ ಶೂನ್ಯ ಆವರಿಸುತ್ತದೆ. ದಿನವಿಡೀ ಸಭೆ, ಪತ್ರ, ಸಹಿ, ಒಬ್ಬರ ದೂರು, ಇನ್ನೊಬ್ಬರಿಗೆ ಸಮಾಧಾನ. ಸಂಜೆ ಮನೆಗೆ ಮರಳಿದಾಗ “ಈ ದಿನ ನಾನು ಮಾಡಿದ್ದೇನು?” ಎಂಬ ಪ್ರಶ್ನೆಗೆ ಉತ್ತರ ತೋಚುವುದಿಲ್ಲ. ಹಿಂದೆ ಕೈಯಲ್ಲಿ ಮುಟ್ಟಿ ತೋರಿಸಬಹುದಾದ ಒಂದು ವಸ್ತುವಾದರೂ ಇರುತ್ತಿತ್ತು.

ಲೋಕರೂಢಿಯಲ್ಲಿ ಇದು ಉದ್ಯೋಗದ ವಿಚಾರ, ಸಂಬಳದ ವಿಚಾರ, ಅಂತಸ್ತಿನ ವಿಚಾರ. ಆದರೆ ಇದರ ಒಳಗೆ ಒಂದು ನೈತಿಕ ಪ್ರಶ್ನೆ ಅಡಗಿದೆ. ತನ್ನ ಕೈಯಿಂದ ಮಾಡದ ಕೆಲಸಕ್ಕೆ ಮನುಷ್ಯನು ಎಷ್ಟರಮಟ್ಟಿಗೆ ಹೊಣೆ? ಕೆಲಸ ಕೈಬಿಟ್ಟಿತು ಎಂದಮೇಲೆ ಅದರ ಒಳಿತು ಕೆಡುಕುಗಳೂ ಕೈಬಿಟ್ಟವೇ? ಸಮಾಜದ ಅನೇಕ ಕುಟುಂಬಗಳಲ್ಲಿ ಇಂದು ಗಂಡುಮಕ್ಕಳೂ ಹೆಣ್ಣುಮಕ್ಕಳೂ ಇಂಜಿನಿಯರುಗಳಾಗಿ, ಮೂವತ್ತು ಮೂವತ್ತೈದರ ವಯಸ್ಸಿನಲ್ಲೇ ಇತರರನ್ನು ನಡೆಸುವ ಸ್ಥಾನಕ್ಕೆ ಬರುತ್ತಿರುವುದರಿಂದ ಈ ಪ್ರಶ್ನೆ ಮನೆಮನೆಯದೂ ಆಗಿದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಜೈನ ಆಚಾರಶಾಸ್ತ್ರದಲ್ಲಿ ಒಂದು ಸಿದ್ಧವಾದ ಅಳತೆಗೋಲುಂಟು. ಕರ್ಮದ ಆಸ್ರವವನ್ನು ವಿವರಿಸುವಾಗ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಕೃತ, ಕಾರಿತ, ಅನುಮತ ಎಂದು ಕ್ರಿಯೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ತಾನೇ ಮಾಡಿದ್ದು ಕೃತ. ಪರರಿಂದ ಮಾಡಿಸಿದ್ದು ಕಾರಿತ. ಪರರು ಮಾಡಿದ್ದಕ್ಕೆ ಒಪ್ಪಿಗೆ ಕೊಟ್ಟದ್ದು ಅನುಮತ. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮನ, ವಚನ, ಕಾಯಗಳೆಂಬ ಮೂರರಿಂದಲೂ, ಅದನ್ನು ಈ ಮೂರು ಬಗೆಗಳಿಂದಲೂ, ಮತ್ತೆ ನಾಲ್ಕು ಕಷಾಯಗಳಿಂದಲೂ ಗುಣಿಸಿದಾಗ 108 ಭೇದಗಳಾಗುತ್ತವೆ. ಲೆಕ್ಕ ಹಾಗಿರಲಿ, ಇಲ್ಲಿ ಗಮನಿಸಬೇಕಾದ ಮಾತೊಂದೇ. ಮಾಡಿಸುವುದನ್ನೂ ಒಪ್ಪುವುದನ್ನೂ ಶಾಸ್ತ್ರವು ಮಾಡುವುದರ ಸಾಲಿನಲ್ಲಿಯೇ ಕುಳ್ಳಿರಿಸಿದೆ. ಈ ದೃಷ್ಟಿಯಿಂದ ನೋಡಿದರೆ ಬಡ್ತಿ ಎಂಬುದು ಹೊಣೆಯಿಂದ ಬಿಡುಗಡೆಯಲ್ಲ. ಕೃತದಿಂದ ಕಾರಿತಕ್ಕೂ ಅನುಮತಕ್ಕೂ ಹೊಣೆಯ ವರ್ಗಾವಣೆ.

ಒಪ್ಪಿಗೆಯ ಭಾರವೆಷ್ಟು ಎಂಬುದನ್ನು ತಿಳಿಯಲು ಅಮೆರಿಕದ ಕನ್ಸಾಸ್ ಸಿಟಿಯಲ್ಲಿ 1981ರಲ್ಲಿ ನಡೆದ ಒಂದು ದುರಂತವನ್ನು ನೋಡಬಹುದು. ಅಲ್ಲಿಯ ಹಯಾತ್ ರೀಜೆನ್ಸಿ ಹೋಟೆಲಿನ ವಿಶಾಲವಾದ ಸಭಾಂಗಣದ ಮೇಲ್ಗಡೆ ಗಾಳಿಯಲ್ಲಿ ತೂಗುವಂತೆ ನಡೆದಾಡುವ ಹಾದಿಗಳನ್ನು ಕಟ್ಟಿದ್ದರು. ಎರಡನೆಯ ಮಹಡಿಯ ತೂಗುಹಾದಿಯ ನೇರ ಮೇಲೆ ನಾಲ್ಕನೆಯ ಮಹಡಿಯದು. ಮೂಲ ನಕ್ಷೆಯಂತೆ ಛಾವಣಿಯಿಂದ ಇಳಿಬಿಟ್ಟ ಉದ್ದನೆಯ ಉಕ್ಕಿನ ಸರಳುಗಳು ಎರಡನ್ನೂ ಹಾದುಹೋಗಿ ಹೊರಬೇಕಾಗಿತ್ತು. ಅಷ್ಟುದ್ದದ ಸರಳಿಗೆ ತಿರುಪು ಕೊರೆಯುವುದು ತೊಡಕಿನ ಕೆಲಸವೆಂದು ಉಕ್ಕಿನ ಕೆಲಸದವರು ಒಂದು ಬದಲಾವಣೆಯನ್ನು ಸೂಚಿಸಿದರು. ಮೇಲಿನ ಹಾದಿಗೆ ಒಂದು ಸರಳು. ಕೆಳಗಿನ ಹಾದಿಯನ್ನು ಛಾವಣಿಗೆ ಬದಲು ಮೇಲಿನ ಹಾದಿಯ ತೊಲೆಗೇ ತೂಗುಹಾಕುವ ಇನ್ನೊಂದು ಸರಳು. ಕಾಗದದ ಮೇಲೆ ನೋಡಿದರೆ ಅಲ್ಪ ವ್ಯತ್ಯಾಸ. ಆದರೆ ಒಂದು ಹಗ್ಗವನ್ನು ಹಿಡಿದು ಇಬ್ಬರು ಬೇರೆ ಬೇರೆಯಾಗಿ ನೇತಾಡುವುದಕ್ಕೂ, ಒಬ್ಬನು ಹಗ್ಗ ಹಿಡಿದು ಇನ್ನೊಬ್ಬನು ಅವನ ಕಾಲು ಹಿಡಿದು ನೇತಾಡುವುದಕ್ಕೂ ಎಷ್ಟು ಅಂತರವೋ ಅಷ್ಟು ಅಂತರ ಅದರಲ್ಲಿತ್ತು. ಮೇಲಿನ ತೊಲೆಯ ಅಡಿಯಲ್ಲಿದ್ದ ನಟ್ಟಿನ ಮೇಲೆ ಭಾರ ಇಮ್ಮಡಿಯಾಯಿತು. ಮೂಲ ನಕ್ಷೆಯೂ ನಗರದ ಕಟ್ಟಡ ನಿಯಮ ಕೇಳುವಷ್ಟು ಬಲವುಳ್ಳದ್ದಾಗಿರಲಿಲ್ಲವೆಂದು ಆಮೇಲಿನ ತನಿಖೆಯಲ್ಲಿ ತಿಳಿದುಬಂತು. ಬದಲಾವಣೆಯ ನಕ್ಷೆ ಇಂಜಿನಿಯರಿಂಗ್ ಸಂಸ್ಥೆಗೆ ಬಂದಿತು, ಮೊಹರು ಬಿದ್ದಿತು, ಮರಳಿ ಹೋಯಿತು. ಆ ಒಂದು ಜೋಡಣೆಯ ಲೆಕ್ಕವನ್ನು ಯಾರೂ ಹಾಕಿ ನೋಡಲಿಲ್ಲ. 1981ರ ಜುಲೈ 17ರ ಸಂಜೆ, ನೃತ್ಯಕೂಟಕ್ಕೆ ಜನ ನೆರೆದಿದ್ದಾಗ, ಎರಡು ಹಾದಿಗಳೂ ಕುಸಿದು 114 ಮಂದಿ ಸತ್ತರು.

ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಯಿಂದ ಆ ಜೋಡಣೆಯನ್ನು ರೂಪಿಸಿರಲಿಲ್ಲ. ಅವರ ಕೆಳಗೆ ಯೋಜನೆಯ ಇಂಜಿನಿಯರ್ ಇದ್ದರು. ಅವರ ಕೆಳಗೆ ಬೇರೆಯವರಿದ್ದರು. ಆದರೂ ಮಿಸೌರಿ ರಾಜ್ಯದಲ್ಲಿ ಮುಖ್ಯಸ್ಥರ ಪರವಾನಗಿಯೂ ಯೋಜನೆಯ ಇಂಜಿನಿಯರರ ಪರವಾನಗಿಯೂ ರದ್ದಾದವು. 1988ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ನಿರ್ಣಯವನ್ನು ಎತ್ತಿಹಿಡಿಯಿತು. ಮೊಹರು ಯಾರದೋ ಹೊಣೆಯೂ ಅವರದು, ಅದನ್ನು ಇನ್ನೊಬ್ಬರಿಗೆ ದಾಟಿಸಲಾಗದು ಎಂಬುದೇ ಆ ನಿರ್ಣಯದ ಸಾರ. ಆ ಮುಖ್ಯಸ್ಥರು ಮುಂದಿನ ವರ್ಷಗಳಲ್ಲಿ ಇಂಜಿನಿಯರುಗಳ ಸಭೆಗಳಿಗೆ ಹೋಗಿ ತಮ್ಮ ತಪ್ಪನ್ನೇ ಪಾಠವಾಗಿ ಹೇಳುತ್ತ ಬಂದರೆಂಬುದು ಅವರ ಹಿರಿಮೆ. ಆಧುನಿಕ ದೇಶವೊಂದರ ನ್ಯಾಯಾಲಯವು ತನ್ನ ದಾರಿಯಲ್ಲಿ ನಡೆದು ಮುಟ್ಟಿದ ಈ ನಿಲುವು ಕಾರಿತ, ಅನುಮತಗಳ ತತ್ತ್ವಕ್ಕೆ ಎಷ್ಟು ಹತ್ತಿರವಾದುದು!

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಮೇಲಿನವನು ಎಲ್ಲಕ್ಕೂ ಹೊಣೆಯೆಂದರೆ ಕೆಳಗಿನವನ ಪಾಲಿಗೆ ಏನು ಉಳಿಯಿತು? ಇದಕ್ಕೆ ಉತ್ತರ ಸರಳ. ಹೊಲವನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆ ಹೊಣೆಯನ್ನು ಪಾಲು ಮಾಡಿಕೊಳ್ಳಲು ಬರುವುದಿಲ್ಲ. ಮೂವರು ಸೇರಿ ಮಾಡಿದ ತಪ್ಪಿನಲ್ಲಿ ಮೂರನೆಯ ಒಂದು ಪಾಲು ಮಾತ್ರ ತನ್ನದೆಂದು ಯಾರೂ ಹೇಳಲಾರರು. ಪ್ರತಿಯೊಬ್ಬನಿಗೂ ಅದು ಇಡಿಯಾಗಿ ಅಂಟುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಮುಖ್ಯಸ್ಥನಾದವನು ಒಂದೊಂದು ನಟ್ಟನ್ನೂ ತಾನೇ ತಿರುಗಿಸಿ ನೋಡಲಾದೀತೇ? ಆಗದು, ಆಗಬೇಕಾಗಿಯೂ ಇಲ್ಲ. ಆದರೆ ಯಾವ ನಟ್ಟು ಸಡಿಲಿದರೆ ಜೀವ ಹೋಗುತ್ತದೆ ಎಂಬುದು ಅವನಿಗೆ ತಿಳಿದಿರಬೇಕು. ಅದನ್ನು ಯಾರು, ಎಂದು, ಹೇಗೆ ನೋಡಿದರೆಂದು ಕೇಳುವ ಅಭ್ಯಾಸ ಇರಬೇಕು. ತಾನು ಅರಿಯದ ಕಾಗದಕ್ಕೆ ಸಹಿ ಹಾಕದಷ್ಟು ಸಂಕೋಚ ಇರಬೇಕು. ಪ್ರಮಾದದಿಂದ ಪ್ರಾಣಕ್ಕೆ ಘಾತವಾಗುವುದೇ ಹಿಂಸೆ ಎಂಬ ಲಕ್ಷಣದಲ್ಲಿ ಹಿಂಸೆಯ ಮೂಲವನ್ನು ದ್ವೇಷದಲ್ಲಿ ಮಾತ್ರವಲ್ಲದೆ ಅಜಾಗರೂಕತೆಯಲ್ಲಿಯೂ ಕಂಡಿದ್ದಾರೆ. ಕನ್ಸಾಸ್ ಸಿಟಿಯಲ್ಲಿ ಯಾರಿಗೂ ಯಾರ ಮೇಲೂ ಹಗೆಯಿರಲಿಲ್ಲ, ಇದ್ದದ್ದು ಪ್ರಮಾದ.

ಹೀಗಿರಲು, ಕೈಕೆಲಸದಿಂದ ಮುಂದಾಳುತನಕ್ಕೆ ಬರುವವನ ದಾರಿಯಲ್ಲಿ ಎರಡು ಬಗೆಯ ತಪ್ಪು ಹೆಜ್ಜೆಗಳಿರುತ್ತವೆ. ಮೊದಲನೆಯದು ಹಳೆಯ ಕೆಲಸವನ್ನು ಬಿಡಲಾರದಿರುವುದು. ತರುಣನೊಬ್ಬ ಮೂರು ದಿನ ಕುಳಿತು ಮಾಡಿದ ಕೆಲಸವನ್ನು ಮುಖ್ಯಸ್ಥನು ರಾತ್ರಿ ಕುಳಿತು ತನಗೆ ಬೇಕಾದಂತೆ ತಿದ್ದಿಬಿಡುತ್ತಾನೆ. ಕೆಲಸವೇನೋ ಚೆನ್ನಾಗುತ್ತದೆ, ಆ ತರುಣನು ಮಾತ್ರ ಕಲಿಯುವುದಿಲ್ಲ. ಮರುದಿನದಿಂದ ಅವನು ಎಚ್ಚರದಿಂದ ಯೋಚಿಸುವುದನ್ನೂ ಬಿಡುತ್ತಾನೆ. ಹೇಗಿದ್ದರೂ ಮೇಲಿನವರು ತಿದ್ದುವರಲ್ಲ! ಪರಿಗ್ರಹವೆಂದರೆ ಹೊನ್ನು, ಮಣ್ಣು, ಮನೆ ಮಾತ್ರವೆಂದು ಎಣಿಸಬಾರದು. ತನ್ನ ಕುಶಲತೆಯ ಮೇಲಿನ ಮೂರ್ಛೆಯೂ ಪರಿಗ್ರಹವೇ. “ನನ್ನಷ್ಟು ಚೆನ್ನಾಗಿ ಇದನ್ನು ಯಾರೂ ಮಾಡಲಾರರು” ಎಂಬ ಮಾತು ನಿಜವಿದ್ದರೂ ಅದರ ಬೇರು ಮಾನಕಷಾಯದಲ್ಲಿದೆ. ಕಲಿಸುವವನು ಶಿಷ್ಯನ ಅಂಕುಡೊಂಕಿನ ಮೊದಲ ಅಕ್ಷರವನ್ನು ಸಹಿಸಬೇಕು. ಅಪಾಯವಿಲ್ಲದ ಕಡೆ ತಪ್ಪಲು ಬಿಟ್ಟು, ಅಪಾಯವಿರುವ ಕಡೆ ತಡೆದು, ಎರಡರ ಭೇದವನ್ನೂ ತಿಳಿಸಿಕೊಡುವುದು ತಾನೇ ಮಾಡುವುದಕ್ಕಿಂತ ಕಠಿಣವಾದ ಕೆಲಸ. ಸಂಜೆ ತೋರಿಸಲು ಅದರಲ್ಲಿ ವಸ್ತುವೇನೂ ಇರುವುದಿಲ್ಲ. ಐದು ವರ್ಷಗಳ ಮೇಲೆ ಒಬ್ಬ ಸಮರ್ಥ ಮನುಷ್ಯನಿರುತ್ತಾನೆ.

ಎರಡನೆಯ ತಪ್ಪು ಇದಕ್ಕೆ ತೀರ ವಿರುದ್ಧವಾದುದು. ಮೇಲಿನ ಸ್ಥಾನಕ್ಕೆ ಬಂದೊಡನೆ ಒಳಗಿನ ಇಂಜಿನಿಯರನನ್ನೇ ಹೊರಗೆ ನಿಲ್ಲಿಸಿಬಿಡುವುದು. ಇದಕ್ಕೆ 1986ರ ಜನವರಿಯ ಚಾಲೆಂಜರ್ ದುರಂತಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ಆ ಬಾಹ್ಯಾಕಾಶ ನೌಕೆಯ ಪಕ್ಕದ ಬೂಸ್ಟರ್ ರಾಕೆಟ್ಟುಗಳನ್ನು ಮಾರ್ಟನ್ ಥಯೋಕಾಲ್ ಎಂಬ ಕಂಪನಿ ತಯಾರಿಸುತ್ತಿತ್ತು. ರಾಕೆಟ್ಟಿನ ಭಾಗಗಳ ಸಂಧಿಯಲ್ಲಿ ಬಿಸಿ ಅನಿಲ ಹೊರಬಾರದಂತೆ ರಬ್ಬರಿನ ಬಳೆಗಳಿರುತ್ತಿದ್ದವು. ಚಳಿ ಹೆಚ್ಚಿದರೆ ಆ ಬಳೆಗಳು ಪೆಡಸಾಗಿ ಸಂಧಿಯನ್ನು ಸಕಾಲದಲ್ಲಿ ಮುಚ್ಚಲಾರವು. ಉಡಾವಣೆಯ ಹಿಂದಿನ ರಾತ್ರಿ, ಜನವರಿ 27ರಂದು, ದೂರವಾಣಿಯಲ್ಲಿ ನಡೆದ ಸಭೆಯಲ್ಲಿ ರೋಜರ್ ಬಾಯ್ಸ್‌ಜೋಲಿ ಮೊದಲಾದ ಇಂಜಿನಿಯರುಗಳು, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆ ಉಷ್ಣತೆಯಲ್ಲಿ ಉಡಾಯಿಸಬಾರದೆಂದು ವಾದಿಸಿದರು. ಕಂಪನಿಯ ಇಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷ ರಾಬರ್ಟ್ ಲುಂಡ್ ಮೊದಲು ಅವರ ಪರವಾಗಿಯೇ ನಿಂತರು. ಬಾಹ್ಯಾಕಾಶ ಸಂಸ್ಥೆಯವರು ಅಸಮಾಧಾನ ತೋರಿದರು. ಕಂಪನಿಯವರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳಲು ಕೆಲಹೊತ್ತು ಬಿಡುವು ಕೇಳಿದರು. ಆಗ ಮೇಲಧಿಕಾರಿಯೊಬ್ಬರು ಲುಂಡರಿಗೆ, ಇಂಜಿನಿಯರನ ಟೋಪಿಯನ್ನು ತೆಗೆದಿಟ್ಟು ವ್ಯವಸ್ಥಾಪಕನ ಟೋಪಿಯನ್ನು ಹಾಕಿಕೊಳ್ಳಬೇಕೆಂಬ ಅರ್ಥದ ಮಾತು ಹೇಳಿದರೆಂಬುದು ತನಿಖಾ ಆಯೋಗದ ಮುಂದಿನ ಸಾಕ್ಷ್ಯದಲ್ಲಿ ದಾಖಲಾಗಿದೆ. ಲುಂಡ್ ಒಪ್ಪಿದರು. ಮರುದಿನ ಬೆಳಗ್ಗೆ ಹಿಮದ ಚಳಿಯಲ್ಲಿ ಮೇಲೇರಿದ ನೌಕೆ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿ ಏಳು ಮಂದಿ ಪ್ರಾಣ ತೆತ್ತರು.

ಲುಂಡ್ ದುಷ್ಟರಾಗಿರಲಿಲ್ಲ. ಬಹುಕಾಲದ ಗ್ರಾಹಕರ ಅಸಮಾಧಾನ, ಎದುರಿಗೆ ಕುಳಿತ ಹಿರಿಯರ ಒತ್ತಾಯ, ಗಡಿಯಾರದ ಓಟ, ಇವುಗಳ ನಡುವೆ ಸಿಕ್ಕಿದ ಸಾಮಾನ್ಯ ಸಜ್ಜನರು. ಅವರ ಸ್ಥಾನದಲ್ಲಿ ಕುಳಿತ ಯಾರಿಗೂ ಆ ಗಳಿಗೆ ಬಂದೀತು ಎಂಬುದರಲ್ಲಿಯೇ ಈ ಪ್ರಸಂಗದ ಭಯಾನಕತೆಯಿದೆ. ಅದೇ ಕಂಪನಿಯ ಪ್ರತಿನಿಧಿಯಾಗಿ ಫ್ಲಾರಿಡಾದ ಉಡಾವಣಾ ಕೇಂದ್ರದಲ್ಲಿದ್ದ ಅಲನ್ ಮೆಕ್ಡೊನಾಲ್ಡ್ ಸಹ ಆಡಳಿತದ ಸ್ಥಾನದಲ್ಲಿದ್ದವರೇ. ಉಡಾವಣೆಗೆ ಒಪ್ಪಿಗೆ ಸೂಚಿಸುವ ಕಾಗದಕ್ಕೆ ಸಹಿ ಹಾಕಲು ಅವರು ನಿರಾಕರಿಸಿದರು. ಅವರ ನಿರಾಕರಣೆಯಿಂದ ಉಡಾವಣೆ ನಿಲ್ಲಲಿಲ್ಲ. ಬೇರೊಬ್ಬರ ಸಹಿಯೊಡನೆ ಕಾಗದ ಹೋಯಿತು. ಆದರೂ ಅನುಮೋದನೆ ಎಂಬುದು ಒಂದು ಕ್ರಿಯೆ, ಅದನ್ನು ಕೊಡದೆ ಇರುವುದೂ ಮನುಷ್ಯನ ಕೈಯಲ್ಲಿದೆ ಎಂಬುದನ್ನು ಅವರು ತೋರಿಸಿದರು. ಆಮೇಲೆ ಬೂಸ್ಟರ್ ರಾಕೆಟ್ಟನ್ನು ಹೊಸದಾಗಿ ರೂಪಿಸುವ ಕೆಲಸದ ಮುಂದಾಳುತನ ಅವರ ಪಾಲಿಗೇ ಬಂದಿತು.

ಈ ಎರಡು ಪ್ರಸಂಗಗಳು ಹೊಣೆಯನ್ನು ಮರೆತ ಗಳಿಗೆಗಳವು. ಅದನ್ನು ಹೊತ್ತು ತೋರಿಸಿದ ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ಸತೀಶ್ ಧವನ್ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಶಬ್ದಾತೀತ ವೇಗದ ಗಾಳಿಸುರಂಗವನ್ನು ಕಟ್ಟಿಸಿ, ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳೊಡನೆ ನಿಂತು ದುಡಿದವರು. ಕ್ರಮೇಣ ಆ ಸಂಸ್ಥೆಯ ನಿರ್ದೇಶಕರಾಗಿ, 1972ರಿಂದ ಇಸ್ರೋ ಅಧ್ಯಕ್ಷರೂ ಆದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಮೊದಲ ಬಾರಿಗೆ ಹಾರಿದ ಎಸ್‌ಎಲ್‌ವಿ-3 ರಾಕೆಟ್ಟಿನ ಎರಡನೆಯ ಹಂತ ಹತೋಟಿ ತಪ್ಪಿತು; 317 ಸೆಕೆಂಡುಗಳಲ್ಲಿ ರಾಕೆಟ್ಟು ಬಂಗಾಳ ಕೊಲ್ಲಿಯ ಪಾಲಾಯಿತು. ನಿಯಂತ್ರಣ ವ್ಯವಸ್ಥೆಯ ಕವಾಟವೊಂದು ಸರಿಯಾಗಿ ಮುಚ್ಚದೆ ಆಮ್ಲ ಸೋರಿಹೋದದ್ದು ಅದಕ್ಕೆ ಕಾರಣವಾಗಿತ್ತು. ಯೋಜನೆಯ ನಿರ್ದೇಶಕರಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಮುಂದೆ ಅನೇಕ ಭಾಷಣಗಳಲ್ಲಿ ಆ ದಿನವನ್ನು ನೆನೆದಿದ್ದಾರೆ. ಉಡಾವಣೆಗೆ ಮುನ್ನ ಗಣಕಯಂತ್ರವು ತಡೆ ಹಾಕಿದ್ದರೂ ತಜ್ಞರ ಸಲಹೆಯಂತೆ ಮುಂದುವರಿಯಲು ನಿರ್ಧರಿಸಿದವರು ತಾವೇ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಅಂದು ಪತ್ರಕರ್ತರು ನೆರೆದಾಗ ಅವರ ಮುಂದೆ ಬಂದು ನಿಂತವರು ಧವನ್. ಸೋಲಿನ ಹೊಣೆಯನ್ನು ತಾವು ಹೊತ್ತು, ತಂಡದ ಮೇಲೆ ತಮಗೆ ನಂಬಿಕೆಯಿದೆ, ಮುಂದಿನ ಪ್ರಯತ್ನ ಫಲಿಸುವುದು ಎಂದರು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಮುಂದೆ ಹೋಗಿ ಮಾತನಾಡಬೇಕೆಂದು ಧವನ್ ಕಲಾಂ ಅವರಿಗೆ ಹೇಳಿದರು.

ಈ ಪ್ರಸಂಗವನ್ನು ಔದಾರ್ಯದ ಕಥೆಯೆಂದು ಹೇಳಿ ಮುಗಿಸುವುದುಂಟು. ಔದಾರ್ಯವೆಂದರೆ ಕೊಡದಿದ್ದರೂ ನಡೆಯುವುದನ್ನು ಕೊಡುವುದು. ಇಲ್ಲಿ ಧವನ್ ಮಾಡಿದ್ದು ಅದಕ್ಕಿಂತ ಖಚಿತವಾದ ಲೆಕ್ಕ. ಸೋಲಿನಲ್ಲಿ ಅಧ್ಯಕ್ಷರ ಕಾರಿತವೂ ಅನುಮತವೂ ಇದ್ದವು. ಆದುದರಿಂದ ಅದು ಅವರದೂ ಆಗಿತ್ತು. ಗೆಲುವನ್ನು ಕೈಯಾರೆ ದುಡಿದು ತಂದವರು ತಂಡದವರು. ಅದರ ಮಾತನ್ನು ಅವರಿಂದ ಕಿತ್ತುಕೊಳ್ಳುವುದು ಅಚೌರ್ಯಕ್ಕೆ ವಿರುದ್ಧ. ಕಿರಿಯನ ಲೆಕ್ಕವನ್ನು ತನ್ನ ಹೆಸರಿನಲ್ಲಿ ಮೇಲಕ್ಕೆ ಕಳಿಸುವ ಮುಖ್ಯಸ್ಥನು ಯಾರ ಪೆಟ್ಟಿಗೆಗೂ ಕೈಹಾಕಿಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಕೊಡದುದನ್ನು ತೆಗೆದುಕೊಳ್ಳುವುದೇ ಕಳವೆಂಬ ಲಕ್ಷಣದಿಂದ ಅವನು ತಪ್ಪಿಸಿಕೊಳ್ಳಲಾರ. ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸೋಲಿನ ದಿನ ಮೇಲಿನವನು ತಮ್ಮನ್ನು ಮುಂದೆ ನೂಕುವುದಿಲ್ಲವೆಂದು ತಿಳಿದ ತಂಡ ಮಾತ್ರ ಅವನಿಗೆ ಕೆಟ್ಟ ಸುದ್ದಿಯನ್ನು ಸಕಾಲದಲ್ಲಿ ತಂದು ಹೇಳುತ್ತದೆ. ಕೋಪಿಸಿಕೊಳ್ಳುವ ಮುಖ್ಯಸ್ಥನ ಬಳಿಗೆ ಸತ್ಯವು ತಡವಾಗಿ, ಅಲಂಕಾರ ಮಾಡಿಕೊಂಡು ಬರುತ್ತದೆ. ಕೆಲವೊಮ್ಮೆ ಬರುವುದೇ ಇಲ್ಲ.

ಎಲ್ಲರೂ ಈ ಸ್ಥಾನಕ್ಕೆ ಬರಲೇಬೇಕೆಂಬ ನಿಯಮವೇನೂ ಇಲ್ಲ. ಕೈಕೆಲಸದಲ್ಲಿಯೇ ಸಾರ್ಥಕತೆ ಕಾಣುವವರಿದ್ದಾರೆ. ಆದಿನಾಥರು ಕರ್ಮಭೂಮಿಯ ಜನಕ್ಕೆ ತಿಳಿಸಿಕೊಟ್ಟ ಆರು ವೃತ್ತಿಗಳಲ್ಲಿ ಶಿಲ್ಪವೂ ಒಂದೆಂದು ಪುರಾಣಗಳು ಹೇಳುತ್ತವೆ. ಅದನ್ನು ಕೀಳೆಂದು ಯಾರೂ ಹೇಳಿಲ್ಲ. ತಾಂತ್ರಿಕ ಪರಿಣತರಿಗೆ ಆಡಳಿತದ ಹೊರೆಯಿಲ್ಲದೆಯೇ ಬಡ್ತಿ ಕೊಡುವ ಪದ್ಧತಿ ಇಂದು ಅನೇಕ ಕಂಪನಿಗಳಲ್ಲಿದೆ. ಆದರೂ ಮಗನ ಅಥವಾ ಸೊಸೆಯ ಕೈಕೆಳಗೆ ಎಷ್ಟು ಜನರಿದ್ದಾರೆಂದು ಕೇಳುವ ಚಾಳಿ ಮನೆಗಳಲ್ಲಿ ಹೋಗಿಲ್ಲ. ಸಂಬಂಧ ಕುದುರಿಸುವಾಗಲೂ ಹುದ್ದೆಯ ಹೆಸರೇ ಮುಂದು. ಈ ಒತ್ತಾಯಕ್ಕೆ ಮಣಿದು, ಜನರನ್ನು ನಡೆಸುವ ಒಲವಾಗಲಿ ತಾಳ್ಮೆಯಾಗಲಿ ಇಲ್ಲದವನು ಆ ಸ್ಥಾನವನ್ನು ಒಪ್ಪಿದರೆ ತಾನೂ ನೋಯುತ್ತಾನೆ, ಹತ್ತು ಜನರನ್ನೂ ನೋಯಿಸುತ್ತಾನೆ. ತನಗೆ ಒಗ್ಗದ ಅಧಿಕಾರವನ್ನು ವಿನಯದಿಂದ ಒಲ್ಲೆನೆಂದು ಹೇಳುವವನನ್ನು ಮನೆಯವರು ಸೋತವನೆಂದು ಕಾಣಬಾರದು.

ಈ ವಿಚಾರ ಕಾರ್ಖಾನೆಗೂ ಕಚೇರಿಗೂ ಮೀಸಲಲ್ಲ. ಬಸದಿಯ ಜೀರ್ಣೋದ್ಧಾರಕ್ಕೆ ಒಪ್ಪಿಗೆ ನೀಡುವ ಟ್ರಸ್ಟಿನ ಸದಸ್ಯರು ಒಂದು ಕಲ್ಲನ್ನೂ ಎತ್ತುವುದಿಲ್ಲ. ಆದರೆ ಯಾವ ಸಾರುವೆಯ ಮೇಲೆ ಕೂಲಿಯವನು ನಿಂತಿದ್ದಾನೆ, ಹಳೆಯ ಗೋಡೆ ಹೊಸ ಭಾರವನ್ನು ಹೊತ್ತೀತೇ ಎಂದು ಕೇಳದೆ ಹಾಕಿದ ಸಹಿಯೂ ಅನುಮತವೇ. ಗುತ್ತಿಗೆದಾರನಿಗೆ ವಹಿಸಿದ್ದೇವೆ ಎಂಬ ಉತ್ತರ ಲೆಕ್ಕಪತ್ರಕ್ಕೆ ಸಾಕಾದೀತು, ಆತ್ಮಕ್ಕೆ ಸಾಲದು.

ಬಡ್ತಿ ಪಡೆದು ಸಂಜೆ ಮನೆಗೆ ಬಂದು ಕುಳಿತ ಆ ಇಂಜಿನಿಯರನ ಪ್ರಶ್ನೆಗೆ ಈಗ ಮರಳಬಹುದು. “ಈ ದಿನ ನಾನು ಮಾಡಿದ್ದೇನು?” ಎಂದು ಮಾತ್ರ ಕೇಳಿಕೊಂಡುದರಿಂದ ಅವನಿಗೆ ಉತ್ತರ ಸಿಗಲಿಲ್ಲ. ಪ್ರತಿಕ್ರಮಣಕ್ಕೆ ಕುಳಿತ ಶ್ರಾವಕನು ತಾನು ಮಾಡಿದ್ದನ್ನು, ಮಾಡಿಸಿದ್ದನ್ನು, ಮಾಡಿದವರಿಗೆ ಒಪ್ಪಿಗೆಯಿತ್ತದ್ದನ್ನು ಒಂದೊಂದಾಗಿ ನೆನೆದುಕೊಳ್ಳುತ್ತಾನೆ. ಅವನೂ ಹಾಗೆಯೇ ಕೇಳಿಕೊಳ್ಳಲಿ. ಇಂದು ಯಾರಿಂದ ಏನು ಮಾಡಿಸಿದೆ? ಯಾವುದಕ್ಕೆ ಒಪ್ಪಿದೆ? ಒಪ್ಪುವ ಮೊದಲು ನೋಡಿದೆನೇ? ನನ್ನ ಬಳಿ ಬಂದು “ಬೇಡ” ಎಂದವನ ಮಾತನ್ನು ಕೇಳಿಸಿಕೊಂಡೆನೇ? ಈ ಪ್ರಶ್ನೆಗಳನ್ನು ದಿನವೂ ಕೇಳಿಕೊಳ್ಳುವವನಿಗೆ ತನ್ನ ಕೈ ಬರಿದಾಗಿದೆ ಎಂದು ಅನಿಸುವುದಿಲ್ಲ. ಆ ಬರಿಗೈಯ ಮೇಲೆ ಎಷ್ಟು ಜನರ ದುಡಿಮೆ, ಎಷ್ಟು ಜೀವಗಳ ನೆಮ್ಮದಿ ನಿಂತಿದೆ ಎಂಬುದು ಅವನಿಗೆ ಅರಿವಾಗುತ್ತದೆ.